ಕಾರಿನ ನಾಡಿ ನೋಡುವ ಪುಟ್ಟ ಮಾಪಕ

ವಾಹನಗಳ ವಿಷಯದಲ್ಲಿ ಅಧಿಕಾರವಾಣಿಯಿಂದ ಬರೆಯುವ ಅರ್ಹತೆ ನನಗಿಲ್ಲ. ಮಠದ ಪಾಠಶಾಲೆಯಲ್ಲಿ ವ್ಯಾಕರಣ ಮತ್ತು ತರ್ಕಗಳನ್ನು ಓದಿ, ಅಧ್ಯಾಪನದಲ್ಲಿಯೇ ಆಯುಷ್ಯದ ಬಹುಭಾಗವನ್ನು ಕಳೆದವನು ನಾನು. ಕಾರಿನ ಬಾನೆಟ್ಟನ್ನು ತೆರೆಯುವ ಸನ್ನೆ ಎಲ್ಲಿರುತ್ತದೆ ಎಂಬುದೂ ಎರಡು ವರ್ಷಗಳ ಹಿಂದಿನವರೆಗೆ ನನಗೆ ತಿಳಿದಿರಲಿಲ್ಲ. ತರ್ಕದ ಪಾಠದಲ್ಲಿ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದನ್ನು ಕಲಿಸಿದ್ದರು. ಕಾರಿನ ವಿಷಯದಲ್ಲಿ ಹೊಗೆ ಕಾಣುವವರೆಗೆ ಕಾದು ಕುಳಿತರೆ ಊಹಿಸುವುದಕ್ಕೆ ಏನೂ ಉಳಿದಿರುವುದಿಲ್ಲ ಎಂಬುದನ್ನು ಈ ಇಳಿವಯಸ್ಸಿನಲ್ಲಿ ಕಲಿತೆ. ಇಂದು ಕಾರು ಇಲ್ಲದ ಮನೆಗಳು ನಮ್ಮ ನಗರದ ಬಡಾವಣೆಗಳಲ್ಲಿ ಕಡಿಮೆಯಾಗುತ್ತಿವೆ. ವೃದ್ಧರನ್ನು ಕೂರಿಸಿಕೊಂಡು ದೂರದ ಜಾತ್ರೆ, ಮದುವೆಗಳಿಗೆ ಹೋಗಿಬರುವ ಕುಟುಂಬಗಳೂ ಅನೇಕ. ಅಂಥವರಿಗೆ ಉಪಯೋಗವಾದೀತೆಂದು ನಮ್ಮ ಮನೆಯ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ.

ಜೆ.ಪಿ. ನಗರದ ನಮ್ಮ ಮನೆಯಲ್ಲಿರುವುದು 2014ರಲ್ಲಿ ಕೊಂಡ ಒಂದು ಚಿಕ್ಕ ಪೆಟ್ರೋಲ್ ಕಾರು. ಅದನ್ನು ನಡೆಸುವವಳು ನನ್ನ ಕಿರಿಯ ಮಗಳು. ಕಳೆದ ಬೇಸಿಗೆಗಿಂತ ಮುಂಚೆ ಅದರಲ್ಲೊಂದು ವಿಚಿತ್ರ ದೂರು ಕಾಣಿಸಿಕೊಂಡಿತು. ಕಾರು ಓಡುತ್ತಿರುವಾಗ ಎ.ಸಿ. ತಂಪಾಗಿಯೇ ಬೀಸುತ್ತಿತ್ತು, ಬನ್ನೇರುಘಟ್ಟ ರಸ್ತೆಯ ಸಿಗ್ನಲ್ಲುಗಳಲ್ಲಿ ಎರಡು ನಿಮಿಷ ನಿಂತರೆ ಬಿಸಿಗಾಳಿ ಬರುತ್ತಿತ್ತು. ಪರಿಚಯದ ಒಂದು ಗ್ಯಾರೇಜಿನಲ್ಲಿ ಎ.ಸಿ.ಗೆ ಎರಡು ಬಾರಿ ಗ್ಯಾಸ್ ತುಂಬಿಸಿದರು. ಮೂರನೆಯ ಬಾರಿ ಒಂದು ಯಂತ್ರವನ್ನು ಕಾರಿಗೆ ಜೋಡಿಸಿ, "ಸ್ವಾಮಿ, ಇದರಲ್ಲಿ ಒಂದು ದೋಷವೂ ತೋರಿಸುತ್ತಿಲ್ಲ. ಗಾಡಿ ಸರಿಯಾಗಿದೆ, ಬಿಸಿಲು ಜಾಸ್ತಿ ಅಷ್ಟೇ" ಎಂದು ಕಳುಹಿಸಿಕೊಟ್ಟರು. ನಾವೂ ಬಿಸಿಲನ್ನೇ ದೂರಿಕೊಂಡು ಮನೆಗೆ ಬಂದೆವು.

ಹಳೆಯ ಕಾರುಗಳಲ್ಲಿ ಎಂಜಿನ್ನಿನ ಉಷ್ಣತೆಯನ್ನು ತೋರಿಸುವ ಒಂದು ಮುಳ್ಳು ಇರುತ್ತಿದ್ದುದನ್ನು ಓದುಗರು ಬಲ್ಲರು. ಈಗಿನ ಅನೇಕ ಚಿಕ್ಕ ಕಾರುಗಳಲ್ಲಿ ಅದೂ ಇಲ್ಲ. ಎಂಜಿನ್ನು ತಣ್ಣಗಿದ್ದರೆ ನೀಲಿ ದೀಪ, ಮಿತಿಮೀರಿ ಕಾದರೆ ಕೆಂಪು ದೀಪ; ನಡುವಿನ ಅವಸ್ಥೆಗೆ ದೀಪವೇ ಇಲ್ಲ. ಮುಳ್ಳು ಇರುವ ಕಾರುಗಳಲ್ಲಿಯೂ ಹಲವು ತಯಾರಕರು ಅದನ್ನು ಒಂದು ವಿಶಾಲವಾದ ವ್ಯಾಪ್ತಿಯಲ್ಲಿ ಮಧ್ಯದಲ್ಲಿಯೇ ನಿಲ್ಲುವಂತೆ ಹೊಂದಿಸಿರುತ್ತಾರೆ. ಚಾಲಕನು ಸಣ್ಣ ಏರಿಳಿತಗಳಿಗೆ ಗಾಬರಿಗೊಳ್ಳಬಾರದೆಂಬುದು ಅವರ ಉದ್ದೇಶ. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಮುಳ್ಳು ಅಲುಗಾಡುವಷ್ಟರಲ್ಲಿ ಅಪಾಯವು ಬಾಗಿಲಿಗೆ ಬಂದಿರುತ್ತದೆ.

ಗ್ಯಾರೇಜಿನವರ ಮಾತಿಗೆ ಮಗಳು ಸುಮ್ಮನಾಗಲಿಲ್ಲ. ಅಂಗೈಯಗಲದ ಒಂದು ಡಿಜಿಟಲ್ ಮಾಪಕವನ್ನು ತರಿಸಿದಳು. ಚಿಕ್ಕದೊಂದು ಪರದೆ, ಅದಕ್ಕೆ ಒಂದು ತಂತಿ, ತಂತಿಯ ತುದಿಯಲ್ಲಿ ಒಂದು ಪ್ಲಗ್ಗು. "ಅಪ್ಪಾಜಿ, ಇದನ್ನು ಕಾರಿಗೆ ಚುಚ್ಚಿದರೆ ಎಂಜಿನ್ನು ಎಷ್ಟು ಬಿಸಿಯಾಗಿದೆ, ಬ್ಯಾಟರಿ ಹೇಗಿದೆ ಎಲ್ಲವನ್ನೂ ಅಂಕಿಯಲ್ಲಿ ಹೇಳುತ್ತದೆ" ಎಂದಳು. ಸ್ಟಿಯರಿಂಗಿನ ಕೆಳಗೆ, ಚಾಲಕನ ಮೊಣಕಾಲಿನ ಬಳಿ ತಡಕಿ ನೋಡಿದರೆ, ಒಂದು ಪಕ್ಕ ಅಗಲವಾಗಿಯೂ ಇನ್ನೊಂದು ಪಕ್ಕ ಕಿರಿದಾಗಿಯೂ ಇರುವ 16 ರಂಧ್ರಗಳ ಸಾಕೆಟ್ಟು ಸಿಕ್ಕಿತು. ಹತ್ತು ವರ್ಷ ಆ ಕಾರಿನಲ್ಲಿ ಕುಳಿತಿದ್ದರೂ ಅದೊಂದು ಅಲ್ಲಿದೆಯೆಂಬುದು ನನಗೆ ಗೊತ್ತಿರಲಿಲ್ಲ.

ಆ ಸಾಕೆಟ್ಟಿನ ಇತಿಹಾಸ ಸ್ವಾರಸ್ಯಕರವಾದುದು. ಅದನ್ನು ಕಾರಿನಲ್ಲಿ ಇಡಿಸಿದ್ದು ಮಾಲೀಕರ ಅನುಕೂಲಕ್ಕಾಗಿ ಅಲ್ಲ, ಗಾಳಿಯ ಶುದ್ಧಿಗಾಗಿ. ಹೊಗೆಯಿಂದ ಬಹುಕಾಲ ಬಳಲಿದ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು, ಹೊಗೆ ಹೆಚ್ಚಿಸುವ ದೋಷಗಳನ್ನು ಕಾರು ತಾನೇ ಪತ್ತೆಹಚ್ಚಿ ಚಾಲಕನಿಗೆ ತಿಳಿಸಬೇಕೆಂದು ಮೊದಲು ನಿಯಮ ಮಾಡಿತು. ಆ ವ್ಯವಸ್ಥೆಗೆ ಓ.ಬಿ.ಡಿ. ಎಂದು ಹೆಸರು. 1996ರ ಮಾದರಿಯ ಕಾರುಗಳಿಂದ ಇಡೀ ಅಮೆರಿಕದಲ್ಲಿ ಎಲ್ಲ ತಯಾರಕರೂ ಒಂದೇ ಆಕಾರದ ಸಾಕೆಟ್ಟನ್ನು ಇಡುವುದು ಕಡ್ಡಾಯವಾಯಿತು. ನಮ್ಮ ದೇಶದಲ್ಲಿ ಭಾರತ್ ಸ್ಟೇಜ್-4 ನಿಯಮಗಳು 2010ರ ಏಪ್ರಿಲ್‌ನಲ್ಲಿ ಬೆಂಗಳೂರೂ ಸೇರಿದಂತೆ 13 ನಗರಗಳಿಗೆ ಬಂದಾಗ ಅದರ ಮೊದಲ ಹಂತವೂ, 2013ರ ಏಪ್ರಿಲ್‌ನಿಂದ ಇನ್ನೂ ಬಿಗಿಯಾದ ಎರಡನೆಯ ಹಂತವೂ ಜಾರಿಯಾದವು. ಆದ್ದರಿಂದ 2013ರ ನಂತರದ ಕಾರು ನಿಮ್ಮಲ್ಲಿದ್ದರೆ ಈ ಸಾಕೆಟ್ಟು ಇದ್ದೇ ಇರುತ್ತದೆ.

ನಮ್ಮ ಭಾಗದವರಿಗೆ ಇದರಲ್ಲಿ ಇನ್ನೊಂದು ನಂಟೂ ಉಂಟು. ಜೆ.ಪಿ. ನಗರದಿಂದ ಆಡುಗೋಡಿ ದೂರವೇನಲ್ಲ. ಅಲ್ಲಿಯ ಮೈಕೋ ಕಾರ್ಖಾನೆಯನ್ನು ಅರಿಯದ ಹಳೆಯ ಬೆಂಗಳೂರಿಗರಿಲ್ಲ, ಬಿ.ಟಿ.ಎಂ. ಬಡಾವಣೆಯ ಮೈಕೋ ಲೇಔಟಿನ ಹೆಸರಿನಲ್ಲಿ ಅದು ಇಂದಿಗೂ ಉಳಿದಿದೆ. 1951ರಲ್ಲಿ ಸ್ಥಾಪನೆಯಾದ ಆ ಕಂಪನಿಯು 2008ರಲ್ಲಿ ತನ್ನ ಮೂಲಸಂಸ್ಥೆಯಾದ ಜರ್ಮನಿಯ ಬಾಷ್‌ನ ಹೆಸರನ್ನೇ ತಳೆಯಿತು. ಕಾರಿನೊಳಗಿನ ಹಲವು ಗಣಕಗಳು ಎರಡೇ ತಂತಿಗಳ ಮೇಲೆ ಪರಸ್ಪರ ಮಾತನಾಡುವ 'ಕ್ಯಾನ್' ಎಂಬ ಪದ್ಧತಿಯನ್ನು ರೂಪಿಸಿ 1986ರಲ್ಲಿ ಲೋಕಕ್ಕೆ ಪರಿಚಯಿಸಿದ್ದು ಜರ್ಮನಿಯ ಆ ಬಾಷ್ ಸಂಸ್ಥೆಯೇ. ಸಾಕೆಟ್ಟಿನ 6 ಮತ್ತು 14ನೆಯ ರಂಧ್ರಗಳಲ್ಲಿ ಇರುವುದು ಆ ಎರಡು ತಂತಿಗಳು. 16ನೆಯದರಲ್ಲಿ ಬ್ಯಾಟರಿಯ ವಿದ್ಯುತ್ತು ಸದಾ ಇರುತ್ತದೆ. ಈ 'ಸದಾ' ಎಂಬ ಮಾತನ್ನು ಓದುಗರು ನೆನಪಿಡಬೇಕು.

ಮಾಪಕವು ಕೇಳುತ್ತದೆ, ಕಾರು ಉತ್ತರಿಸುತ್ತದೆ. ಉಷ್ಣತೆ ಎಷ್ಟೆಂದು ಕೇಳಿದಾಗ ಕಾರಿನ ಗಣಕವು 0ಯಿಂದ 255ರವರೆಗಿನ ಒಂದು ಸಂಖ್ಯೆಯನ್ನು ಕೊಡುತ್ತದೆ. ಅದರಿಂದ 40ನ್ನು ಕಳೆದರೆ ಬರುವುದು ಎಂಜಿನ್ನಿನ ಕೂಲೆಂಟಿನ ಉಷ್ಣತೆ, ಸೆಲ್ಸಿಯಸ್ ಡಿಗ್ರಿಗಳಲ್ಲಿ. 132 ಎಂದು ಬಂದರೆ 92 ಡಿಗ್ರಿ. ಹಿಮದ ನಾಡುಗಳಲ್ಲಿ ಶೂನ್ಯಕ್ಕಿಂತ ಕೆಳಗಿನ ಉಷ್ಣತೆಯನ್ನೂ ಹೇಳಬೇಕಾದುದರಿಂದ ಈ ಕಳೆಯುವ ಲೆಕ್ಕವನ್ನು ಇಟ್ಟಿದ್ದಾರೆ. ಯಾವ ದೇಶದಲ್ಲಿ ತಯಾರಾದ ಕಾರಾದರೂ ಈ ಪ್ರಶ್ನೋತ್ತರದ ವ್ಯಾಕರಣ ಒಂದೇ ಎಂಬುದು ನನ್ನಂಥ ವ್ಯಾಕರಣದ ವಿದ್ಯಾರ್ಥಿಗೆ ಬಹಳ ಹಿಡಿಸಿತು.

ಜೋಡಣೆಯ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು. ಎಂಜಿನ್ನು ನಿಲ್ಲಿಸಿ, ಕೀಲಿ ತೆಗೆದ ಮೇಲೆಯೇ ಪ್ಲಗ್ಗನ್ನು ಕೂಡಿಸಬೇಕು. ಅದು ಒಂದೇ ಬಗೆಯಲ್ಲಿ ಕೂಡುತ್ತದೆ, ಬಲಪ್ರಯೋಗ ಬೇಡ. ತಂತಿಯು ಬ್ರೇಕಿನ ಪೆಡಲಿನ ಬಳಿ ಜೋತಾಡದಂತೆ ಬಿಗಿಯಾಗಿ ಕಟ್ಟಿ, ಡ್ಯಾಶ್‌ಬೋರ್ಡಿನ ಅಂಚಿನ ಸಂದಿಯಲ್ಲಿ ಹಾಯಿಸಿದಳು. ಇದನ್ನು ಅಲಕ್ಷಿಸಿದರೆ ಮಾಪಕವೇ ಮೃತ್ಯುವಾದೀತು. ಏರ್‌ಬ್ಯಾಗು ಬಿಚ್ಚಿಕೊಳ್ಳುವ ಜಾಗದಲ್ಲಿ ಪರದೆಯನ್ನು ಅಂಟಿಸಬಾರದು. ಆಮೇಲೆ ಅಳತೆಯನ್ನು ಕಿಲೋಮೀಟರು, ಸೆಲ್ಸಿಯಸ್ಸಿಗೆ ತಿರುಗಿಸಿ, ಉಷ್ಣತೆ 105 ದಾಟಿದರೆ ಕೂಗುವಂತೆ ಎಚ್ಚರಿಕೆಯ ಗಂಟೆಯನ್ನು ಹೊಂದಿಸಿದ್ದಾಯಿತು.

ನಂತರದ ಎರಡು ವಾರ ನಾನು ಪಕ್ಕದಲ್ಲಿ ಕುಳಿತು ಒಂದು ನೋಟುಪುಸ್ತಕದಲ್ಲಿ ಅಂಕಿಗಳನ್ನು ಬರೆದುಕೊಳ್ಳುತ್ತ ಹೋದೆ. ಮನೆಯವರು ಇದನ್ನು ಕಂಡು ನಕ್ಕದ್ದುಂಟು. ಆದರೆ ಈ ಬರವಣಿಗೆಯೇ ಮುಂದೆ ನಮ್ಮನ್ನು ಕಾಪಾಡಿತು. ನೈಸ್ ರಸ್ತೆಯಲ್ಲಿ ಓಡುವಾಗ 90ರಿಂದ 92. ಬ್ಯಾಟರಿ ಚಾಲನೆಗೆ ಮುನ್ನ 12.5 ವೋಲ್ಟು, ಎಂಜಿನ್ನು ನಡೆಯುವಾಗ 14.1. ಸಿಗ್ನಲ್ಲಿನಲ್ಲಿ ನಿಂತಾಗ ಉಷ್ಣತೆ 95, 97, 99 ಎಂದು ಏರುತ್ತಿತ್ತು, ಹೊರಟೊಡನೆ ಇಳಿಯುತ್ತಿತ್ತು. ಒಮ್ಮೆ 100 ಕಂಡಾಗ, ನೀರು ಕುದಿಯಿತೆಂದು ನಾನು ಕೂಗಿಕೊಂಡೆ. ಅದು ನನ್ನ ಅಜ್ಞಾನ. ರೇಡಿಯೇಟರಿನಲ್ಲಿ ಇರುವುದು ಬರೀ ನೀರಲ್ಲ, ಕೂಲೆಂಟು ಬೆರೆತ ದ್ರವ. ಮೇಲಾಗಿ ಅದರ ಬಿಗಿ ಮುಚ್ಚಳವು ಒಳಗೆ ಒತ್ತಡವನ್ನು ಹಿಡಿದಿಟ್ಟಿರುತ್ತದೆ. ಆದ್ದರಿಂದ ಅದು ನೂರಕ್ಕಿಂತ ಸಾಕಷ್ಟು ಮೇಲೆ ಹೋಗದೆ ಕುದಿಯುವುದಿಲ್ಲ. ಕಾದ ಎಂಜಿನ್ನಿನ ಆ ಮುಚ್ಚಳವನ್ನು ತೆರೆದವರು ಮುಖ ಕೈ ಸುಟ್ಟುಕೊಳ್ಳುವುದಕ್ಕೆ ಕಾರಣವೂ ಇದೇ: ಒತ್ತಡ ಹೋದ ಕ್ಷಣದಲ್ಲಿ ದ್ರವವೆಲ್ಲ ಉಕ್ಕಿ ಚಿಮ್ಮುತ್ತದೆ.

ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯ ಜಾತ್ರೆಗೆ ಹೊರಟೆವು. ಹಿಂದಿನ ಆಸನದಲ್ಲಿ 87 ವರ್ಷದ ನನ್ನ ತಾಯಿಯವರು ಮತ್ತು ಮನೆಯವರು. ನೈಸ್ ರಸ್ತೆಯಲ್ಲಿ ಸುಖವಾಗಿ ಸಾಗಿ ತುಮಕೂರು ರಸ್ತೆಗೆ ಸೇರಿದೆವು. ದಾಬಸ್‌ಪೇಟೆಯ ಸಮೀಪ ವಾಹನಗಳು ಸಾಲುಗಟ್ಟಿ ನಿಂತಿದ್ದವು, ಮಧ್ಯಾಹ್ನದ ಬಿಸಿಲು. ಅಂಕಿ 97, 100, 102. ಎ.ಸಿ.ಯಿಂದ ಬಿಸಿಗಾಳಿ. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪವಿಲ್ಲ, ಬೇರಾವ ಸೂಚನೆಯೂ ಇಲ್ಲ. 105 ದಾಟಿತು, ಮಾಪಕ ಕೂಗತೊಡಗಿತು. ಮಗಳು ಎ.ಸಿ.ಯನ್ನು ನಿಲ್ಲಿಸಿ, ಕಿಟಕಿಗಳನ್ನು ಇಳಿಸಿ, ಹೀಟರನ್ನು ಪೂರ್ತಿ ತಿರುಗಿಸಿದಳು. ಆ ಬಿಸಿಲಿನಲ್ಲಿ ಹೀಟರೆಂದರೆ ಯಾರಿಗಾದರೂ ಹುಚ್ಚೆನಿಸೀತು. ಎಂಜಿನ್ನಿನ ಶಾಖವನ್ನು ಕಾರಿನೊಳಕ್ಕೆ ಎಳೆದುಕೊಂಡು ಎಂಜಿನ್ನನ್ನು ಉಳಿಸುವ ಉಪಾಯವದು. ತಾಯಿಯವರ ಮುಖ ಕೆಂಪೇರಿತ್ತು. ನಾನು ಅವರಿಗೆ ಪಂಚೆಯ ಸೆರಗಿನಿಂದ ಗಾಳಿ ಹಾಕಿದೆ. ಮೂರು ನಾಲ್ಕು ನಿಮಿಷಗಳಲ್ಲಿ ಕಾರನ್ನು ರಸ್ತೆಯ ಬದಿಯ ಮರದಡಿಗೆ ತಂದು ಎಂಜಿನ್ನನ್ನು ನಿಲ್ಲಿಸಿದಳು. ನಿಲ್ಲಿಸಿದ ಮೇಲೆ ಅಂಕಿ ಇಳಿಯುವ ಬದಲು 109ಕ್ಕೆ ಏರಿತು. ದ್ರವವನ್ನು ಹರಿಸುವ ಪಂಪು ನಿಂತುದರಿಂದ ಲೋಹದ ಶಾಖ ಅಲ್ಲೇ ತುಂಬಿಕೊಳ್ಳುತ್ತದೆಯಂತೆ. ಆಮೇಲೆ ಮೆಲ್ಲಗೆ ಇಳಿಯಿತು.

ಮರದ ನೆರಳಿನಲ್ಲಿ ನೀರು ಕುಡಿದು ಚೇತರಿಸಿಕೊಂಡ ತಾಯಿಯವರು, "ಎತ್ತಿಗೆ ಬಿಸಿಲು ಹತ್ತಿದರೆ ನೊಗ ಬಿಚ್ಚಿ ನೆರಳಲ್ಲಿ ಕಟ್ಟೋರು ಕಣಪ್ಪ. ಇದಕ್ಕೂ ಹಂಗೇನಾ?" ಎಂದರು. ಅವರ ತಂದೆಯವರು ಇದೇ ಜಾತ್ರೆಯ ದನದ ಪರಿಷೆಗೆ ಗಾಡಿ ಕಟ್ಟಿಕೊಂಡು ಬರುತ್ತಿದ್ದವರು.

ನಲವತ್ತು ನಿಮಿಷಗಳ ಬಿಡುವಿನಲ್ಲಿ ಮಗಳು ನನ್ನ ನೋಟುಪುಸ್ತಕವನ್ನು ತಿರುವಿದಳು. ಓಡುವಾಗ ಎಲ್ಲವೂ ಸರಿ, ನಿಂತಾಗ ಮಾತ್ರ ಏರಿಕೆ, ಎ.ಸಿ.ಯ ದೂರೂ ನಿಂತಾಗ ಮಾತ್ರ. ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನೂ ಎ.ಸಿ.ಯ ಮುಂಭಾಗದ ಜಾಲರಿಯನ್ನೂ ತಂಪುಮಾಡುತ್ತದೆ. ನಿಂತಾಗ ಆ ಕೆಲಸ ಮಾಡಬೇಕಾದುದು ಅದರ ಹಿಂದಿನ ವಿದ್ಯುತ್ ಫ್ಯಾನು. ಎರಡು ಕಾಯಿಲೆಗಳಿಗೂ ಕಾರಣ ಒಂದೇ: ಫ್ಯಾನು ತಿರುಗುತ್ತಿರಲಿಲ್ಲ. ತುಮಕೂರಿನಲ್ಲಿ ಒಬ್ಬ ಎಲೆಕ್ಟ್ರಿಷಿಯನ್ ಬಿಚ್ಚಿ ನೋಡಿದಾಗ ಫ್ಯಾನಿನ ಮೋಟಾರು ಸವೆದುಹೋಗಿತ್ತು. ಹೊಸದಕ್ಕೆ ಕೂಲಿ ಸೇರಿ 2,800 ರೂಪಾಯಿ ಆಯಿತು. ಹಾಗೆಯೇ ಎಳೆದುಕೊಂಡು ಹೋಗಿ ಎಂಜಿನ್ನಿನ ತಲೆಭಾಗ ಬಾಗಿದ್ದರೆ ಹತ್ತಾರು ಸಾವಿರಗಳ ಮಾತಾಗುತ್ತಿತ್ತು, ಅದೂ ನಡುದಾರಿಯಲ್ಲಿ, ತಾಯಿಯವರನ್ನು ಕೂರಿಸಿಕೊಂಡು.

ಗ್ಯಾರೇಜಿನವರ ಯಂತ್ರವು ದೋಷವಿಲ್ಲವೆಂದು ಹೇಳಿದ್ದು ಸುಳ್ಳಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ನಮ್ಮಂಥ ಸರಳ ಕಾರಿನಲ್ಲಿ ಗಣಕವು ಫ್ಯಾನಿಗೆ ತಿರುಗೆಂದು ಅಪ್ಪಣೆ ಕೊಡುತ್ತದೆಯೇ ಹೊರತು ಅದು ತಿರುಗಿತೋ ಇಲ್ಲವೋ ಎಂದು ನೋಡುವುದಿಲ್ಲ. ದೋಷಸಂಖ್ಯೆಯೆಂಬುದು ಗಣಕವು ಕೊಡುವ ತೀರ್ಪು. ಗಳಿಗೆ ಗಳಿಗೆಯ ಅಂಕಿಗಳು ಸಾಕ್ಷ್ಯ. ಅವರು ತೀರ್ಪನ್ನು ಮಾತ್ರ ಓದಿ ಸಾಕ್ಷ್ಯವನ್ನು ವಿಚಾರಿಸಲಿಲ್ಲ. ನಿಮ್ಮ ಕಾರನ್ನು ಪರೀಕ್ಷಿಸುವಾಗ ಕೂಲೆಂಟಿನ ಉಷ್ಣತೆಯನ್ನು, ಎಂಜಿನ್ನು ನಡೆಯುತ್ತಿರುವಂತೆ ಹತ್ತು ನಿಮಿಷ ನಿಲ್ಲಿಸಿಯೇ ತೋರಿಸಿರೆಂದು ಕೇಳುವುದರಲ್ಲಿ ಸಂಕೋಚ ಬೇಡ. ಹಣ ಕೊಡುವವರು ನೀವು.

ಇನ್ನು ಕೆಲವು ಎಚ್ಚರಿಕೆಗಳು. ಸಾಕೆಟ್ಟಿನಲ್ಲಿ ಸದಾ ವಿದ್ಯುತ್ತು ಇರುವುದರಿಂದ, ವಾರಗಟ್ಟಲೆ ನಿಲ್ಲುವ ಕಾರಿನಲ್ಲಿ ಮಾಪಕವನ್ನು ಚುಚ್ಚಿಯೇ ಬಿಟ್ಟರೆ ಬ್ಯಾಟರಿ ಬರಿದಾಗಬಹುದು. ಊರಿಗೆ ಹೋಗುವಾಗ ಕಿತ್ತಿಡಿ. ಮೊಬೈಲಿಗೆ ಬ್ಲೂಟೂತ್ ಮೂಲಕ ಕೂಡುವ ಬಗೆಯವುಗಳಲ್ಲಿ ಅಗ್ಗದ ನಕಲುಗಳು ಬಹಳ. ಕೆಲವು ಅಂಕಿಯನ್ನು ತಡವಾಗಿ ಕೊಡುತ್ತವೆ, ಕೆಲವು ಕೊಡುವುದೇ ಇಲ್ಲ. ವಾರಂಟಿ ಇರುವ ಹೊಸ ಕಾರಾದರೆ ಮೊದಲು ಕಂಪನಿಯವರನ್ನು ವಿಚಾರಿಸುವುದು ಕ್ಷೇಮ. ಬೈಕು, ಸ್ಕೂಟರುಗಳ ಸಾಕೆಟ್ಟಿನ ಆಕಾರವೇ ಬೇರೆ ಇರುವುದುಂಟು.

ಎಲ್ಲಕ್ಕಿಂತ ಮುಖ್ಯವಾದುದು, ದೋಷಸಂಖ್ಯೆಯನ್ನು ಅಳಿಸುವ ಗುಂಡಿ. ಎಂಜಿನ್ನಿನ ಹಳದಿ ದೀಪ ಹತ್ತಿದಾಗ ಆ ಗುಂಡಿಯೊತ್ತಿದರೆ ದೀಪ ಆರುತ್ತದೆ, ದೋಷ ಹೋಗುವುದಿಲ್ಲ. ಅಷ್ಟೇ ಅಲ್ಲ, ದೋಷ ಕಂಡ ಕ್ಷಣದ ಉಷ್ಣತೆ, ವೇಗ ಮುಂತಾದವನ್ನು ಗಣಕವು ಬರೆದಿಟ್ಟಿದ್ದ ದಾಖಲೆಯೂ ಅಳಿಸಿಹೋಗುತ್ತದೆ. ಮೆಕ್ಯಾನಿಕ್ಕಿಗೆ ಬೇಕಾದ ಸುಳಿವು ಅದೇ. ಹಳೆಯ ಕಾರು ಕೊಳ್ಳುವ ಮನೆಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಮಾರುವವನು ಹಿಂದಿನ ದಿನ ದೋಷಗಳನ್ನು ಅಳಿಸಿ ತಂದಿರಬಹುದು. ಆದರೆ ಅಳಿಸಿದ ಮೇಲೆ ಗಣಕದ ಸ್ವಪರೀಕ್ಷೆಗಳು ಪುನಃ ಮುಗಿಯಲು ಹಲವು ಓಡಾಟಗಳು ಬೇಕು, ಅಲ್ಲಿಯವರೆಗೆ ಮಾಪಕದಲ್ಲಿ ಅವು 'ಅಪೂರ್ಣ' ಎಂದೇ ಕಾಣುತ್ತವೆ. ದೋಷವೂ ಇಲ್ಲ, ಪರೀಕ್ಷೆಗಳೂ ಪೂರ್ಣವಾಗಿಲ್ಲ ಎಂದರೆ, ಇತ್ತೀಚೆಗೆ ಬ್ಯಾಟರಿ ಕಳಚಿದ್ದಿರೇನು ಎಂದು ಕೇಳಿ, ಉತ್ತರವನ್ನು ಕೇಳಿಸಿಕೊಂಡು, ಒಂದು ವಾರ ಬಿಟ್ಟು ಮತ್ತೆ ನೋಡುವುದು ಲೇಸು.

ಜಾತ್ರೆಗೆ ನಾವು ಸಂಜೆ ತಲುಪಿದೆವು, ತಾಯಿಯವರಿಗೆ ದರ್ಶನವೂ ಆಯಿತು. ಹೊಸ ಫ್ಯಾನು ಬಂದ ಮೇಲೆ ಬನ್ನೇರುಘಟ್ಟ ರಸ್ತೆಯಲ್ಲಿ ಎಷ್ಟು ಹೊತ್ತು ನಿಂತರೂ ಅಂಕಿ 96ಕ್ಕೆ ಏರಿ, ಬಾನೆಟ್ಟಿನೊಳಗಿಂದ ಫ್ಯಾನಿನ ಸದ್ದು ಕೇಳಿಸಿ, 91ಕ್ಕೆ ಇಳಿಯುತ್ತದೆ. ನೋಟುಪುಸ್ತಕದಲ್ಲಿ ಈಗ ಬರೆಯುವುದು ತಿಂಗಳಿಗೊಮ್ಮೆ ಮಾತ್ರ.