‘ಪುಟ್ ಆಫ್’: ಮುಂದೂಡುವುದೂ ಮನಸ್ಸು ಕೆಡಿಸುವುದೂ

‘ಪುಟ್’ ಎಂದರೆ ಇಡು, ‘ಆಫ್’ ಎಂದರೆ ಆಚೆಗೆ. ಎರಡೂ ಕೂಡಿದರೆ ಹೆಚ್ಚಾಗಿ ಬರುವ ಅರ್ಥ ಮುಂದೂಡು. ಕ್ರಿಯಾಪದಕ್ಕೆ ಸಣ್ಣ ಪದವೊಂದು ಅಂಟಿ ಬೇರೆಯೇ ಅರ್ಥ ಕೊಡುವ ಇಂಥ ಜೋಡಿಗಳಿಗೆ ‘ಫ್ರೇಸಲ್ ವರ್ಬ್’ ಎಂದು ಹೆಸರು. ಪರಭಾಷಿಕರಿಗೆ ಇವು ತೀರಾ ಕಷ್ಟವೆಂದು ಸ್ಯಾಮ್ಯುಯೆಲ್ ಜಾನ್ಸನ್ 1755ರ ತಮ್ಮ ನಿಘಂಟಿನ ಮುನ್ನುಡಿಯಲ್ಲೇ ಬರೆದಿದ್ದರು.

ಸಭೆ, ಮದುವೆ, ಪರೀಕ್ಷೆ ಯಾವುದನ್ನೇ ಆಗಲಿ ‘ಪುಟ್ ಆಫ್’ ಮಾಡಿದರೆ ಅದು ಮುಂದೆಂದೋ ನಡೆಯುತ್ತದೆ. ‘ಕಾಲ್ ಆಫ್’ ಮಾಡಿದರೆ ರದ್ದಾಯಿತೆಂದೇ ಅರ್ಥ. ಕನ್ನಡಿಗರು ಎಡವುವ ಜಾಗ ಇನ್ನೊಂದಿದೆ. ‘ಮುಂದೆ ಹಾಕು’ ಎಂಬುದನ್ನು ಪದಕ್ಕೆ ಪದ ಇಟ್ಟು ‘ಪುಟ್ ಫಾರ್ವರ್ಡ್’ ಎಂದರೆ, ಸಲಹೆಯನ್ನೋ ವಾದವನ್ನೋ ಮಂಡಿಸು ಎಂದಾಗುತ್ತದೆ. ‘ಬ್ರಿಂಗ್ ಫಾರ್ವರ್ಡ್’ ಎಂದರಂತೂ ಪೂರ್ತಿ ತಿರುಗುಮುರುಗು: ಗೊತ್ತಾದ ದಿನಕ್ಕಿಂತ ಮೊದಲೇ ನಡೆಸುವುದು!

ಬಳಕೆಯ ನಿಯಮ ಸರಳ. ‘ಪುಟ್ ಆಫ್ ದ ಮೀಟಿಂಗ್’, ‘ಪುಟ್ ದ ಮೀಟಿಂಗ್ ಆಫ್’ ಎರಡೂ ಸರಿ. ಆದರೆ ಸರ್ವನಾಮ ಬಂದರೆ ಅದು ನಡುವೆಯೇ ಕೂರಬೇಕು: ‘ಪುಟ್ ಇಟ್ ಆಫ್’. ‘ಪುಟ್ ಆಫ್ ಇಟ್’ ತಪ್ಪು. ಮುಂದೆ ಇನ್ನೊಂದು ಕ್ರಿಯೆ ಬಂದರೆ ‘ಟು ಗೋ’ ಅಲ್ಲ, ‘ಗೋಯಿಂಗ್’. ಕನ್ನಡದಲ್ಲೂ ‘ಹೋಗುವುದನ್ನು ಮುಂದೂಡಿದ’ ಎಂದೇ ಹೇಳುವುದರಿಂದ ಇದು ನೆನಪಿನಲ್ಲಿ ಉಳಿಯುವುದು ಸುಲಭ. ಭೂತಕಾಲದಲ್ಲೂ ‘ಪುಟ್’ ರೂಪ ಬದಲಾಗದು.

ಎರಡನೆಯ ಅರ್ಥ ಮನಸ್ಸಿಗೆ ಸಂಬಂಧಿಸಿದ್ದು. ‘ದ ಸ್ಮೆಲ್ ಪುಟ್ ಮಿ ಆಫ್’ ಎಂದರೆ ಆ ವಾಸನೆಗೆ ಬೇಡವೆನಿಸಿತು ಎಂದರ್ಥ. ಬೆಲೆ ಕೇಳಿ ಕೊಳ್ಳುವ ಆಸೆ ಇಳಿದರೂ, ಗಲಾಟೆಯಿಂದ ಆಟಗಾರನ ಏಕಾಗ್ರತೆ ಕದಡಿದರೂ ಇದೇ ಮಾತು. ಇದರಿಂದಲೇ ಹುಟ್ಟಿದ ವಿಶೇಷಣ ‘ಆಫ್-ಪುಟಿಂಗ್’, ಅಂದರೆ ಕಂಡರೆ ದೂರ ಸರಿಯಬೇಕೆನಿಸುವಂಥದು. ಮುಂದೂಡುವ ಅರ್ಥವೋ ಇದೋ ಎಂಬುದನ್ನು ಕರ್ಮಪದವೇ ಬಹುಮಟ್ಟಿಗೆ ತಿಳಿಸುತ್ತದೆ. ಕೆಲಸ, ಕಾರ್ಯಕ್ರಮಗಳಾದರೆ ಮೊದಲನೆಯದು, ವ್ಯಕ್ತಿಯಾದರೆ ಸಾಮಾನ್ಯವಾಗಿ ಎರಡನೆಯದು.

ನಮ್ಮಲ್ಲಿ ‘ಪುಟ್ ಆಫ್ ದ ಲೈಟ್’ ಎಂಬ ಮಾತು ಮನೆಮನೆಯಲ್ಲೂ ಕೇಳಿಸುತ್ತದೆ, ಯಾರಿಗೂ ಗೊಂದಲವಾಗುವುದಿಲ್ಲ. ಇಂಗ್ಲೆಂಡ್, ಅಮೆರಿಕಗಳಲ್ಲಿ ಇಂದು ‘ಟರ್ನ್ ಆಫ್’, ‘ಸ್ವಿಚ್ ಆಫ್’ ರೂಢಿ. ಬರವಣಿಗೆಯಲ್ಲಿ ಇವನ್ನೇ ಬಳಸುವುದು ಒಳ್ಳೆಯದು. ಬಟ್ಟೆ, ಪಾದರಕ್ಷೆ ಕಳಚು ಎಂಬ ಹಳೆಯ ಅರ್ಥ 1611ರ ಇಂಗ್ಲಿಷ್ ಬೈಬಲ್ ಅನುವಾದದಲ್ಲಿ ಸಿಗುತ್ತದೆ. ಈಗ ಅದಕ್ಕೆ ‘ಟೇಕ್ ಆಫ್’ ಬಂದಿದೆ.