ಮೂರನೇ ಸಲಕ್ಕೆ ಆನ್ ಆಗುವ ಕಂಪ್ಯೂಟರ್

ಗುಂಡಿ ಒತ್ತಿದರೆ ಫ್ಯಾನ್ ಅರ್ಧ ಸುತ್ತು ತಿರುಗಿ ನಿಲ್ಲುತ್ತದೆ. ಮತ್ತೆ ಒತ್ತಿದರೆ ದೀಪ ಮಿನುಗಿ ಆರುತ್ತದೆ. ಮೂರನೆಯದೋ ನಾಲ್ಕನೆಯದೋ ಸಲಕ್ಕೆ ಸಿಸ್ಟಂ ಆನ್ ಆಗುತ್ತದೆ, ಆಮೇಲೆ ಸಂಜೆಯವರೆಗೂ ತಕರಾರಿಲ್ಲದೆ ಓಡುತ್ತದೆ. ಹತ್ತು ಹನ್ನೆರಡು ವರ್ಷದ ಡೆಸ್ಕ್‌ಟಾಪ್ ಇನ್ನೂ ದುಡಿಯುತ್ತಿರುವ ಡಿಟಿಪಿ ಅಂಗಡಿ, ಸಹಕಾರ ಸಂಘ, ಶಾಲೆಯ ಕಚೇರಿಗಳಲ್ಲಿ ಕೇಳಿಬರುವ ಮಾತು ಒಂದೇ: “ಬೆಳಿಗ್ಗೆ ಸ್ವಲ್ಪ ಸತಾಯಿಸುತ್ತೆ, ಆನ್ ಆದ್ಮೇಲೆ ಏನೂ ತೊಂದ್ರೆ ಇಲ್ಲ.” ಈ ಮಾತಿನ ಎರಡನೇ ಅರ್ಧವನ್ನು ದಯವಿಟ್ಟು ನಂಬಬೇಡಿ. ಕಂಪ್ಯೂಟರ್ ಕೆಡುವುದು ಇಲ್ಲಿ ಸಣ್ಣ ನಷ್ಟ. ಅದರೊಳಗೆ ವರ್ಷಗಳಿಂದ ಸೇರಿಕೊಂಡಿರುವ ಲೆಕ್ಕಪತ್ರ, ಪುಸ್ತಕದ ಪುಟ, ಫೋಟೊಗಳು ಹೋಗುವುದೇ ದೊಡ್ಡ ನಷ್ಟ. ಆ ನಷ್ಟ ಹತ್ತಿರವಾಗುತ್ತಿದೆ ಎಂಬುದಕ್ಕೆ ಈ ಸತಾಯಿಸುವಿಕೆಯೇ ಮೊದಲ ಸಾಕ್ಷಿ.

ಕಂಪ್ಯೂಟರಿನೊಳಗಿನ ಎಸ್‌ಎಂಪಿಎಸ್ ಎಂಬ ತಗಡಿನ ಡಬ್ಬಿ ಗೋಡೆಯಿಂದ ಬರುವ 230 ವೋಲ್ಟ್ ಎಸಿಯನ್ನು 12, 5 ಮತ್ತು 3.3 ವೋಲ್ಟ್ ಡಿಸಿಯಾಗಿ ಮಾಡಿಕೊಡುತ್ತದೆ. ಆ ವಿದ್ಯುತ್ತಿನ ಏರಿಳಿತವನ್ನು ಸಮ ಮಾಡುವುದು ಎಲೆಕ್ಟ್ರೊಲೈಟಿಕ್ ಕೆಪಾಸಿಟರ್‌ಗಳ ಕೆಲಸ. ಒಂದನ್ನು ಬಿಚ್ಚಿ ನೋಡಿದರೆ ಅಲ್ಯೂಮಿನಿಯಂ ಹಾಳೆಗಳ ಸುರುಳಿ, ಹಾಳೆಗಳ ನಡುವೆ ದ್ರವದಲ್ಲಿ ನೆನೆಸಿದ ಕಾಗದ, ಬುಡದಲ್ಲಿ ಒಂದು ರಬ್ಬರ್ ಬಿರಡೆ ಕಾಣುತ್ತವೆ. ವರ್ಷಗಟ್ಟಲೆ ಬಿಸಿ ತಿಂದಂತೆ ಆ ದ್ರವ ಬಿರಡೆಯ ಮೂಲಕವೇ ಆವಿಯಾಗಿ ಹೋಗುತ್ತಿರುತ್ತದೆ. ಒಣಗಿದಷ್ಟೂ ಚಾರ್ಜ್ ಹಿಡಿದಿಡುವ ಶಕ್ತಿ ಕುಗ್ಗುತ್ತದೆ, ಒಳಗಿನ ರೋಧ ಏರುತ್ತದೆ. ರೋಧ ಏರಿದರೆ ಕೆಪಾಸಿಟರ್ ತಾನೇ ಬಿಸಿಯಾಗುತ್ತದೆ, ಬಿಸಿಯಾದರೆ ಇನ್ನಷ್ಟು ಒಣಗುತ್ತದೆ. ಇದು ತಾನಾಗಿ ನಿಲ್ಲುವಂಥದ್ದಲ್ಲ.

ಹಾಗಾದರೆ ಬೆಳಿಗ್ಗೆಯೇ ಏಕೆ ಹಟ? ತಂಪಾಗಿರುವ ದ್ರವಕ್ಕೆ ರೋಧ ಹೆಚ್ಚು. ಎಟಿಎಕ್ಸ್ ಮಾನದಂಡದ ಪ್ರಕಾರ ಎಸ್‌ಎಂಪಿಎಸ್ ತನ್ನ ಮುಖ್ಯ ವೋಲ್ಟೇಜ್‌ಗಳನ್ನು ಶೇ 5ರಷ್ಟು ಆಚೀಚೆಯೊಳಗೆ ನಿಲ್ಲಿಸಿ, ಸೆಕೆಂಡಿನ ಅರ್ಧ ಭಾಗದೊಳಗೆ ‘ಎಲ್ಲ ಸರಿಯಿದೆ’ ಎಂಬ ಸಂಕೇತವನ್ನು ಮದರ್‌ಬೋರ್ಡಿಗೆ ಕಳಿಸಬೇಕು. ಸಂಕೇತ ಬರದಿದ್ದರೆ ಬೋರ್ಡ್ ಮುಂದಡಿಯಿಡುವುದಿಲ್ಲ. ಎರಡು ಮೂರು ಸಲ ಗುಂಡಿ ಒತ್ತುವಷ್ಟರಲ್ಲಿ ಒಣಗುತ್ತಿರುವ ಭಾಗ ತುಸು ಬೆಚ್ಚಗಾಗಿ ಹೇಗೋ ಮಿತಿಯೊಳಗೆ ನುಸುಳಿಕೊಳ್ಳುತ್ತದೆ. ಅಷ್ಟೇ ಆಗಿದ್ದು, ಏನೂ ರಿಪೇರಿಯಾಗಿಲ್ಲ. ಡಿಸೆಂಬರ್ ಚಳಿಯಲ್ಲಿ ಮಡಿಕೇರಿಯಲ್ಲೋ ಚಿಕ್ಕಮಗಳೂರಿನಲ್ಲೋ ಕಾಣಿಸಿಕೊಂಡ ಈ ದೂರು ಮಾರ್ಚ್‌ಗೆ ಮಾಯವಾಗಬಹುದು. ನಿಜವಾದ ಹಾನಿ ವೇಗ ಪಡೆಯುವುದು ಆ ನೆಮ್ಮದಿಯ ತಿಂಗಳುಗಳಲ್ಲಿಯೇ.

ಏಕೆಂದರೆ ಲೆಕ್ಕ ಹೀಗಿದೆ. ಇಂಥ ಕೆಪಾಸಿಟರಿನ ಆಯಸ್ಸು ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಹೆಚ್ಚುಕಡಿಮೆ ಅರ್ಧವಾಗುತ್ತದೆ ಎಂಬುದು ಎಂಜಿನಿಯರುಗಳು ಬಳಸುವ ಅಂದಾಜು. 105 ಡಿಗ್ರಿಯಲ್ಲಿ 2,000 ಗಂಟೆ ಎಂದು ನಮೂದಾದ ಕೆಪಾಸಿಟರ್ 65 ಡಿಗ್ರಿಯಲ್ಲಿ 32,000 ಗಂಟೆ ಬಾಳಬಹುದು. ದಿನಕ್ಕೆ 8 ಗಂಟೆ ಓಡಿಸಿದರೆ ಸುಮಾರು 11 ವರ್ಷ. ಅದೇ ಕೆಪಾಸಿಟರ್ 75 ಡಿಗ್ರಿಯಲ್ಲಿದ್ದರೆ ಐದೂವರೆ ವರ್ಷ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಹೊರಗಿನ ಗಾಳಿಯೇ 40 ಡಿಗ್ರಿ ದಾಟುತ್ತದೆ. ಫ್ಯಾನಿನ ರೆಕ್ಕೆಗೆ ದೂಳು ಕಟ್ಟಿ, ಸಿಪಿಯು ಡಬ್ಬಿ ಮೇಜಿನಡಿಯ ಮುಚ್ಚಿದ ಕಪಾಟಿನಲ್ಲಿದ್ದರೆ ಆ ಹೆಚ್ಚುವರಿ 10 ಡಿಗ್ರಿ ಬರುವುದು ಕಷ್ಟವೇನಲ್ಲ. ಅಗ್ಗದ ಎಸ್‌ಎಂಪಿಎಸ್‌ಗಳಲ್ಲಿ 105ರ ಬದಲು 85 ಡಿಗ್ರಿಯ ಕೆಪಾಸಿಟರ್ ಇದ್ದರಂತೂ ಲೆಕ್ಕ ಇನ್ನೂ ಬೇಗ ಮುಗಿಯುತ್ತದೆ. ಗೋಡೆಯ ಸ್ವಿಚ್ ಆರಿಸದೆ ಬಿಟ್ಟವರಿಗೆ ಇನ್ನೊಂದು ಮಾತು: ಸಿಸ್ಟಂ ಆಫ್ ಆಗಿದ್ದರೂ ಎಸ್‌ಎಂಪಿಎಸ್‌ನ 5 ವೋಲ್ಟ್ ಸ್ಟ್ಯಾಂಡ್‌ಬೈ ಭಾಗ ಹಗಲೂ ರಾತ್ರಿ ದುಡಿಯುತ್ತಲೇ ಇರುತ್ತದೆ. ಕೆಲವು ಹಳೆಯ ವಿನ್ಯಾಸಗಳಲ್ಲಿ ಅಲ್ಲಿನ ಒಂದು ಪುಟ್ಟ ಕೆಪಾಸಿಟರ್ ಒಣಗಿದರೆ ಸಾಕು, ವೋಲ್ಟೇಜ್ ಹತೋಟಿ ತಪ್ಪಿ ಮೇಲೇರಿ ಮದರ್‌ಬೋರ್ಡನ್ನೇ ಸುಡುತ್ತದೆ. ಕೆಲವೇ ರೂಪಾಯಿಯ ಬಿಡಿಭಾಗ ಅದು.

ಕೆಪಾಸಿಟರ್‌ನಿಂದ ಎಷ್ಟು ದೊಡ್ಡ ಅನಾಹುತ ಆಗಬಹುದೆಂದು ಜಗತ್ತು ಒಮ್ಮೆ ಕಂಡಿದೆ. 2000ದ ದಶಕದ ಮೊದಲ ವರ್ಷಗಳಲ್ಲಿ ದೋಷಪೂರಿತ ಕೆಪಾಸಿಟರ್‌ಗಳು ತಲೆ ಉಬ್ಬಿಸಿಕೊಂಡು, ಕಂದು ದ್ರವ ಸೋರಿಸಿ ಅಸಂಖ್ಯ ಮದರ್‌ಬೋರ್ಡುಗಳನ್ನು ಕೆಡಿಸಿದವು. ಆಪ್ಟಿಪ್ಲೆಕ್ಸ್ ಡೆಸ್ಕ್‌ಟಾಪ್‌ಗಳ ದುರಸ್ತಿ, ಬದಲಾವಣೆಗಾಗಿ ಡೆಲ್ 2005ರಲ್ಲಿ 30 ಕೋಟಿ ಡಾಲರ್ ತೆಗೆದಿಡಬೇಕಾಯಿತು. ಆಪಲ್ ಕೂಡ ಐಮ್ಯಾಕ್ ಜಿ5ಗೆ ಹೆಚ್ಚುವರಿ ದುರಸ್ತಿ ಸೌಲಭ್ಯ ಕೊಟ್ಟಿತು. ಅವು ಕಣ್ಣಿಗೆ ಕಾಣುವ ದೋಷಗಳಾಗಿದ್ದವು. ವಯಸ್ಸಾಗಿ ಒಣಗಿದ ಕೆಪಾಸಿಟರ್ ಎಷ್ಟೋ ಸಲ ಹೊರಗಿನಿಂದ ಹೊಸದರಂತೆಯೇ ಇರುತ್ತದೆ. “ತೆರೆದು ನೋಡಿದೆ, ಏನೂ ಉಬ್ಬಿಲ್ಲ” ಎಂಬುದು ಆದ್ದರಿಂದ ಸಮಾಧಾನದ ಮಾತಲ್ಲ.

ಇನ್ನು ಹಾರ್ಡ್ ಡಿಸ್ಕ್. ಅದರ ಮೋಟಾರಿಗೆ 12 ವೋಲ್ಟ್, ಸರ್ಕ್ಯೂಟಿಗೆ 5 ವೋಲ್ಟ್ ಬೇಕು. ತಟ್ಟೆ ನಿಂತಲ್ಲಿಂದ ತಿರುಗತೊಡಗುವ ಆ ಕೆಲವು ಸೆಕೆಂಡುಗಳಲ್ಲಿ ಅದು ಅತಿ ಹೆಚ್ಚು ವಿದ್ಯುತ್ ಎಳೆಯುತ್ತದೆ. ಮೂರು ಸಲ ಅರೆಬರೆ ಆನ್ ಆದರೆ ಡಿಸ್ಕ್ ಮೂರು ಸಲ ಅರೆಬರೆ ತಿರುಗಿ ನಿಂತಿರುತ್ತದೆ. ಬರೆಯುತ್ತಿರುವಾಗ ವೋಲ್ಟೇಜ್ ಕುಸಿದರೆ ಬರೆದದ್ದು ಅರ್ಧಕ್ಕೇ ನಿಲ್ಲುತ್ತದೆ. ಹೋದದ್ದು ಒಂದು ಫೈಲ್ ಇರಬಹುದು, ಇಡೀ ಫೋಲ್ಡರ್‌ಗಳ ಪಟ್ಟಿಯೇ ಇರಬಹುದು.

ಡಿಸ್ಕ್ ಕೆಡುವ ಮುಂಚೆ ಎಚ್ಚರಿಕೆ ಕೊಡುತ್ತದೆ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಗೂಗಲ್‌ನ ಪಿನ್ಹೇರೊ, ವೆಬರ್, ಬರೋಸೊ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ದಾಖಲೆ ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೋಡಿ. ತಟ್ಟೆಯನ್ನು ತಾನೇ ಪರೀಕ್ಷಿಸಿಕೊಳ್ಳುವಾಗ ಮೊದಲ ದೋಷ (ಸ್ಕ್ಯಾನ್ ದೋಷ) ಕಾಣಿಸಿಕೊಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ ದೋಷವಿಲ್ಲದ ಡಿಸ್ಕಿಗಿಂತ 39 ಪಟ್ಟು ಹೆಚ್ಚು. ಆದರೆ ಕೆಟ್ಟುಹೋದ ಡಿಸ್ಕ್‌ಗಳಲ್ಲಿ ಶೇ 56ಕ್ಕೂ ಹೆಚ್ಚು, ಅತ್ಯಂತ ನೆಚ್ಚಿಕೊಳ್ಳಬಹುದಾದ ನಾಲ್ಕು ಸೂಚನೆಗಳಲ್ಲಿ ಒಂದನ್ನೂ ಕೊಡದೆಯೇ ಕೆಟ್ಟಿದ್ದವು. ಅಷ್ಟು ಚೆನ್ನಾಗಿ ನೋಡಿಕೊಂಡ ಡೇಟಾ ಸೆಂಟರಿನಲ್ಲೇ ಹೀಗಾದರೆ, ವೋಲ್ಟೇಜ್ ತೂಗಾಡುವ ಪೇಟೆಯ ಅಂಗಡಿಯ ಪಾಡೇನು?

ಎಲ್ಲ ಹಟಕ್ಕೂ ಎಸ್‌ಎಂಪಿಎಸ್ಸೇ ಕಾರಣ ಎನ್ನಲಾಗದು. ಸಡಿಲವಾದ ಪವರ್ ಕಾರ್ಡ್, ಕರಕಲಾದ ಸಾಕೆಟ್, ಸವೆದ ಗುಂಡಿ, ರ‍್ಯಾಮ್ ತುದಿಯ ಕಿಲುಬು, ಇವೂ ಇದೇ ರೀತಿ ಕಾಡುತ್ತವೆ. ಗಡಿಯಾರ ಪ್ರತಿದಿನ ಹಳೆಯ ತಾರೀಖು ತೋರಿಸಿದರೆ ಸಿಆರ್2032 ಬ್ಯಾಟರಿ ಮುಗಿದಿದೆ. ಬೇರೆ ಒಳ್ಳೆಯ ಎಸ್‌ಎಂಪಿಎಸ್ ಜೋಡಿಸಿ ನೋಡುವುದು ಎಲ್ಲಕ್ಕಿಂತ ನಿಚ್ಚಳ ಪರೀಕ್ಷೆ. ಅದರಲ್ಲಿ ಮೊದಲ ಒತ್ತಿಗೇ ಆನ್ ಆದರೆ ಕಳ್ಳ ಸಿಕ್ಕಂತೆಯೇ. ಆದರೆ ಹಳೆಯ ಡಬ್ಬಿಯನ್ನು ಮನೆಯಲ್ಲಿ ಬಿಚ್ಚಬಾರದು. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ತುಂಬಿರುತ್ತದೆ, ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು. ಡಬ್ಬಿ ಮುಟ್ಟಿದಾಗ ಜುಮ್ಮೆಂದರೆ ಸಾಕೆಟ್ಟಿನ ಅರ್ತಿಂಗ್ ಮೊದಲು ನೋಡಿಸಿ.

ಇಷ್ಟೆಲ್ಲಕ್ಕೂ ಮುಂಚೆ ಒಂದು ಕೆಲಸವಿದೆ. ಇವತ್ತು ಸಿಸ್ಟಂ ಆನ್ ಆಗಿದ್ದರೆ, ಮೆಕ್ಯಾನಿಕ್ ಬರಲೆಂದು ಆಫ್ ಮಾಡಬೇಡಿ. ಮೊದಲು ನಕಲು ತೆಗೆಯಿರಿ, ಒಂದು ಹೊರಗಿನ ಹಾರ್ಡ್ ಡಿಸ್ಕಿಗೆ, ಇನ್ನೊಂದು ಬೇರೆ ಕಂಪ್ಯೂಟರಿಗೆ. ಪೆನ್‌ಡ್ರೈವ್ ಒಂದನ್ನೇ ನೆಚ್ಚಬೇಡಿ. ಡಿಟಿಪಿ ಮಾಡುವವರು ಪೇಜ್‌ಮೇಕರ್ ಫೈಲ್‌ಗಳ ಜೊತೆಗೆ ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳನ್ನೂ ನಕಲು ಮಾಡಿಟ್ಟುಕೊಳ್ಳಬೇಕು. ಯುನಿಕೋಡ್ ಅಲ್ಲದ ಆ ಪಠ್ಯ, ಫಾಂಟ್ ಇಲ್ಲದಿದ್ದರೆ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ತೆರೆದುಕೊಳ್ಳುತ್ತದೆ. ನಕಲಿನಿಂದ ನಾಲ್ಕಾರು ಫೈಲ್‌ಗಳನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಆಮೇಲೆ ಎಸ್‌ಎಂಪಿಎಸ್ ಬದಲಿಸಿ. ಸಿಸ್ಟಂ ಈಗಾಗಲೇ ಆನ್ ಆಗುವುದನ್ನು ನಿಲ್ಲಿಸಿದ್ದರೆ ಗುಂಡಿ ಒತ್ತುತ್ತಾ ಕೂರಬೇಡಿ. ಪ್ಲಗ್ ಕಿತ್ತು, ಡಿಸ್ಕ್ ಹೊರತೆಗೆಸಿ, ಯುಎಸ್‌ಬಿ ಅಡಾಪ್ಟರ್ ಮೂಲಕ ಬೇರೆ ಕಂಪ್ಯೂಟರಿಗೆ ಜೋಡಿಸಿ. ಅಗಲ ಪಟ್ಟಿಯ ಕೇಬಲ್ಲಿನ ಹಳೆಯ ಐಡಿಇ ಡಿಸ್ಕಿಗೆ ಬೇಕಾದ ಅಡಾಪ್ಟರ್ ಬೇರೆ. ಅಂಗಡಿಗೆ ಹೋಗುವಾಗ ಡಿಸ್ಕನ್ನೂ ಕೊಂಡೊಯ್ದು ತೋರಿಸಿ.