ಕಣ್ಣು ಹೊರಟಿತು, ಕಿವಿ ಕೂತಿತ್ತು

ಬಂಗಾರಪೇಟೆ ಜಂಕ್ಷನ್ನಿನ ಬೆಳಗಿಗೆ ತನ್ನದೇ ಅವಸರ. ಮಾರಿಕುಪ್ಪಂನಿಂದ ಹೊರಟ ರೈಲು ಚಾಂಪಿಯನ್, ಊರ್ಗಾಂ, ಕೋರಮಂಡಲ್, ಬೆಮೆಲ್ ನಗರ ದಾಟಿ ಇಲ್ಲಿಗೆ ಬರುವಷ್ಟರಲ್ಲಿ ಬೆಂಗಳೂರಿನ ಕೆಲಸಕ್ಕೆ ಹೋಗುವವರಿಂದ ತುಂಬಿರುತ್ತದೆ. ಸೀಟು ಸಿಕ್ಕವರು ಕಣ್ಣು ಮುಚ್ಚಿರುತ್ತಾರೆ, ಸಿಗದವರು ಬ್ಯಾಗನ್ನು ಎದೆಗೊತ್ತಿಕೊಂಡು ಬಾಗಿಲ ಬಳಿ ನಿಂತಿರುತ್ತಾರೆ. ಪಕ್ಕದ ಹಳಿಯಲ್ಲಿ ಇನ್ನೊಂದು ರೈಲು. ಅದರ ಕಿಟಕಿಯ ಸರಳು ಹಿಡಿದು ಕೂತ ಮಗುವೊಂದು ಮೆಲ್ಲಗೆ ಹಿಂದಕ್ಕೆ ಸರಿಯುತ್ತದೆ. ಅದರ ಜಾಗಕ್ಕೆ ಮತ್ತೊಂದು ಕಿಟಕಿ, ಮತ್ತೊಂದು ಮುಖ. ಹೊರಟಿತು ಅಂದುಕೊಂಡು ನಿಂತವರು ಕಂಬಿ ಹಿಡಿಯುತ್ತಾರೆ. ಕೊನೆಯ ಬೋಗಿ ದಾಟಿ ಆಚೆಯ ಪ್ಲಾಟ್‌ಫಾರ್ಮಿನ ಬೆಂಚು ಕಂಡಾಗಲೇ ಗೊತ್ತಾಗುವುದು: ಹೋದದ್ದು ಅದು, ನಮ್ಮದು ನಿಂತಲ್ಲೇ ಇದೆ. ಹೊಟ್ಟೆಯೊಳಗೆ ಏನೋ ಸಣ್ಣಗೆ ಮಗುಚಿಕೊಳ್ಳುತ್ತದೆ.

ಆ ಒಂದು ಕ್ಷಣವನ್ನು ಹತ್ತು ನಿಮಿಷ ಎಳೆದರೆ ಆಗುವುದೇ ವಿಆರ್ (ವರ್ಚುವಲ್ ರಿಯಾಲಿಟಿ) ಕನ್ನಡಕದ ತಲೆಸುತ್ತು.

ಈಚೆಗೆ ಒಂದು ವಸ್ತುಪ್ರದರ್ಶನದ ಮಳಿಗೆಯಲ್ಲಿ ನೋಡಿದೆ. ಹತ್ತು ವರ್ಷದ ಹುಡುಗ, ಕಣ್ಣಿಗೆ ಕಪ್ಪು ಡಬ್ಬಿಯಂಥ ಹೆಡ್‌ಸೆಟ್, ಒಳಗೆ ರೋಲರ್ ಕೋಸ್ಟರ್. ಮೊದಲು ಕಿರುಚಾಟ, ನಗು. ಆಮೇಲೆ ಮಾತು ನಿಂತಿತು. ಮೇಲ್ದುಟಿಯ ಮೇಲೆ ಬೆವರು ಮೂಡಿತು, ಪದೇಪದೇ ಉಗುಳು ನುಂಗತೊಡಗಿದ. "ತಾತ, ತೆಗೀ ಇದನ್ನ, ಒಂಥರಾ ಆಗ್ತೈತೆ" ಅಂದ. "ಕಾಸು ಕೊಟ್ಟೈತೆ, ಇನ್ನೊಂದ್ ನಿಮಿಷ ಇರೋ" ಅಂದರು ತಾತ. ಆ ಒಂದು ನಿಮಿಷ ಇರಬಾರದಿತ್ತು. ಬೆವರು, ಬಿಳಿಚಿಕೊಂಡ ಮುಖ, ಬಾಯಲ್ಲಿ ನೀರು ಎಲ್ಲ ವಾಂತಿಯ ಮುನ್ಸೂಚನೆಗಳು. ಹುಡುಗ ಅಂಜುಬುರುಕನಾಗಿರಲಿಲ್ಲ, ಅವನ ದೇಹ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿತ್ತು.

ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತದ ಕೊಳವೆಗಳಿವೆ. ಗಾರೆ ಕೆಲಸದವರ ರಸಮಟ್ಟದ ಹಾಗೆ, ತಲೆ ಯಾವ ಕಡೆ ಹೊರಳಿದರೂ ಅವು ಹೇಳುತ್ತವೆ. ಪಕ್ಕದಲ್ಲೇ ಇರುವ ಎರಡು ಪುಟ್ಟ ಚೀಲಗಳಲ್ಲಿ ಸುಣ್ಣದ ಸೂಕ್ಷ್ಮ ಹರಳುಗಳು. ಮುಂದೆ ಜಗ್ಗಿದ್ದು, ಕೆಳಗೆ ಬಿದ್ದದ್ದು, ವಾಲಿದ್ದು ತಿಳಿಯುವುದು ಅವುಗಳಿಂದ. ರೈಲು ತಿರುವು ತೆಗೆದುಕೊಳ್ಳುವಾಗ ಹೊರಗಿನ ಮನೆಗಳು ವಾಲಿದಂತೆ ಕಾಣುವುದನ್ನು ಗಮನಿಸಿದ ಭೌತವಿಜ್ಞಾನಿ ಅರ್ನ್ಸ್ಟ್ ಮಾಖ್, 1875ರಲ್ಲಿ ಚಲನೆಯ ಅನುಭವದ ಬಗ್ಗೆ ಪುಸ್ತಕವನ್ನೇ ಬರೆದರು. ಮಳಿಗೆಯ ಹುಡುಗನ ಕಣ್ಣು ಪ್ರಪಾತಕ್ಕೆ ಧುಮುಕುತ್ತಿದೆ ಎನ್ನುತ್ತಿತ್ತು. ಕಿವಿಯ ಹರಳುಗಳು ಪ್ಲಾಸ್ಟಿಕ್ ಕುರ್ಚಿ ಅಲ್ಲಾಡಿಲ್ಲ ಎನ್ನುತ್ತಿದ್ದವು. ಈ ತಕರಾರೇ ಓಕರಿಕೆಯ ಬೇರು ಎಂಬ ವಾದವನ್ನು ಸಂಶೋಧಕರಾದ ರೀಸನ್ ಮತ್ತು ಬ್ರ್ಯಾಂಡ್ 1975ರಲ್ಲಿ ವಿಸ್ತರಿಸಿ ಮಂಡಿಸಿದರು. ಒಳಗಿವಿಯ ಈ ಭಾಗ ಪೂರ್ತಿ ಕೆಟ್ಟವರಿಗೆ ಹಡಗಿನಲ್ಲೂ ವಾಂತಿಯಾಗುವುದಿಲ್ಲ ಎಂಬುದು ಇದಕ್ಕೆ ಬಲವಾದ ಸಾಕ್ಷಿ.

ತಕರಾರಿದ್ದರೆ ಹೊಟ್ಟೆ ಯಾಕೆ ತೊಳಸಬೇಕು? ಮನೋವಿಜ್ಞಾನಿ ಟ್ರೈಸ್‌ಮನ್ 1977ರಲ್ಲಿ ಒಂದು ಊಹೆ ಮುಂದಿಟ್ಟರು: ಕಣ್ಣು ಕಿವಿಗಳ ಲೆಕ್ಕ ತಪ್ಪಿದರೆ ವಿಷ ತಿಂದಿರಬಹುದೆಂದು ಮೆದುಳು ತಿಳಿದು, ಹೊಟ್ಟೆಯಲ್ಲಿದ್ದದ್ದನ್ನು ಹೊರಹಾಕಿಸುತ್ತದೆ. ಎಲ್ಲರೂ ಒಪ್ಪಿಲ್ಲ, ನನಗೆ ಮಾತ್ರ ಇದು ಹಿಡಿಸುತ್ತದೆ.

ಇಲ್ಲೇ ಹತ್ತಿರದ ಕೋಲಾರ ಚಿನ್ನದ ಗಣಿ ಕೆಜಿಎಫ್‌ನ ನೆಲದಡಿ ಇದೇ ತಕರಾರಿನ ಇನ್ನೊಂದು ಮುಖವಿತ್ತು. 2001ರ ಫೆಬ್ರವರಿ 28ರಂದು ಮುಚ್ಚಿದ ಈ ಗಣಿಗಳಲ್ಲಿ, ಒಂದು ಕಾಲಕ್ಕೆ ಚಾಂಪಿಯನ್ ರೀಫ್ ಗಣಿಯ ಮೂರು ಕಿಲೋಮೀಟರಿಗೂ ಹೆಚ್ಚಿನ ಆಳಕ್ಕೆ ಕೆಲಸಗಾರರು ಒಂದು ಶಾಫ್ಟಿನಿಂದ ಇನ್ನೊಂದಕ್ಕೆ ದಾಟುತ್ತ ಇಳಿಯುತ್ತಿದ್ದರು. ಕೇಜಿನ, ಅಂದರೆ ಗಣಿಯ ಲಿಫ್ಟಿನ, ಬಾಗಿಲು ಮುಚ್ಚಿದ ಮೇಲೆ ಕತ್ತಲು. ಕಣ್ಣಿಗೆ ಹೇಳಲು ಏನೂ ಇಲ್ಲ, ಎಲ್ಲ ಕಿವಿಯ ಪಾಲು. ಕೇಜು ಒಂದೇ ವೇಗದಲ್ಲಿ ಇಳಿಯುವಷ್ಟೂ ಹೊತ್ತು ಹರಳುಗಳು ಸುಮ್ಮನಿರುತ್ತವೆ, ಯಾಕೆಂದರೆ ಅವುಗಳಿಗೆ ತಿಳಿಯುವುದು ವೇಗವಲ್ಲ, ವೇಗದ ಬದಲಾವಣೆ. ತಳ ಹತ್ತಿರವಾಗಿ ಬ್ರೇಕು ಬಿದ್ದಾಗ ಮೈ ಭಾರವಾಗುತ್ತದೆ, ಕೇಜು ಮೇಲಕ್ಕೆ ಹೋಗುತ್ತಿರುವಂತೆ ಅನಿಸುತ್ತದೆ. ಇಳಿಯುತ್ತ ನಿಧಾನವಾಗುವುದು, ಏರುತ್ತ ವೇಗ ಹೆಚ್ಚುವುದು, ಹರಳುಗಳಿಗೆ ಎರಡೂ ಒಂದೇ.

ವಿಆರ್ ಕನ್ನಡಕದಲ್ಲಿ ಕಣ್ಣು ಕಿವಿಗಳ ತಕರಾರಿನ ಜೊತೆಗೆ ಬೇರೆ ಕಾರಣಗಳೂ ಸೇರುತ್ತವೆ. ತಲೆ ತಿರುಗಿಸಿದ ಮೇಲೆ ಚಿತ್ರ ತಿರುಗಲು ಸುಮಾರು 20 ಮಿಲಿಸೆಕೆಂಡಿಗಿಂತ ಹೆಚ್ಚು ತಡವಾದರೆ ಜಗತ್ತು ಜಾರಿದಂತಾಗುತ್ತದೆ. ಕಣ್ಣೆರಡೂ ಹತ್ತಿರದ ವಸ್ತುವಿನತ್ತ ಒಳಕ್ಕೆ ತಿರುಗುತ್ತವೆ, ಫೋಕಸ್ಸು ಮಾತ್ರ ಲೆನ್ಸ್ ಗೊತ್ತುಮಾಡಿದ ದೂರದಲ್ಲೇ ಉಳಿಯುತ್ತದೆ. ಸ್ಟಿಯರಿಂಗ್ ಯಾರ ಕೈಲಿದೆ ಎಂಬುದೂ ಮುಖ್ಯ: ಘಾಟಿಯಲ್ಲಿ ಹಿಂದಿನ ಸೀಟಿನವರಿಗೆ ವಾಂತಿಯಾದರೂ ಡ್ರೈವರ್ ಆರಾಮಾಗಿರುತ್ತಾರೆ, ಯಾಕೆಂದರೆ ಮುಂದಿನ ತಿರುವು ಅವರಿಗೆ ಮೊದಲೇ ಗೊತ್ತು. ಆದರೆ 1957ರಲ್ಲಿ ಅಮೆರಿಕದ ಹೆಲಿಕಾಪ್ಟರ್ ಸಿಮ್ಯುಲೇಟರಿನಲ್ಲಿ ಕಂಗೆಟ್ಟವರು ಹೆಚ್ಚಾಗಿ ಕಲಿಸುವ ಪೈಲಟ್‌ಗಳೇ. ನಿಜವಾದ ಹಾರಾಟ ಹೇಗಿರುತ್ತದೆಂದು ಮೈಗೆ ಗೊತ್ತಿದ್ದವರಿಗೆ ನಕಲಿನ ಕೊರತೆ ಬೇಗ ತಾಗುತ್ತದೆ. ಬಂಗಾರಪೇಟೆಯಿಂದ 70 ಕಿ.ಮೀ. ದೂರದ ಬೆಂಗಳೂರಿನಲ್ಲಿ 1957ರಲ್ಲೇ ಶುರುವಾದ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಗೆ ಹಾರುವವರ ಇಂಥ ತಲೆಸುತ್ತು, ದಿಕ್ಕು ತಪ್ಪುವಿಕೆ ಗಂಭೀರ ಅಧ್ಯಯನದ ವಿಷಯ.

ಮಳಿಗೆಯವರನ್ನು ಇಷ್ಟು ಕೇಳಿಕೊಳ್ಳಬೇಕೆನಿಸುತ್ತದೆ: ಮಗು ಸಾಕು ಅಂದಾಗ ಕಾಸಿನ ಲೆಕ್ಕ ಬಿಟ್ಟು ಕನ್ನಡಕ ತೆಗೆಯಿರಿ. ತೆಗೆದ ಮೇಲೂ ತೂರಾಟ ಸ್ವಲ್ಪ ಹೊತ್ತು ಉಳಿಯುತ್ತದೆ. ಕೆಲವು ದೇಶಗಳ ಸೇನೆಗಳು ಸಿಮ್ಯುಲೇಟರಿನಿಂದ ಇಳಿದ ಪೈಲಟ್‌ಗೆ ಒಡನೆ ಹಾರಲು ಬಿಡುವುದಿಲ್ಲ. ಹಾಗಾಗಿ ಆಡಿದ ದೊಡ್ಡವರು ಕೂಡಲೇ ಬೈಕು ಹತ್ತದೆ, ಅಲ್ಲೇ ಒಂದು ಕುರ್ಚಿಯಲ್ಲಿ ಗಾಳಿಗೆ ಕೂತು, ನೆಟ್ಟಗೆ ನಡೆಯುವಂತಾದ ಮೇಲೆ ಹೊರಡಲಿ.